ನೀರುಗಂಟಿ ಸಹಾಯವಾಣಿ

ಮೊದಲೇ ಹೇಳಿಬಿಡ್ತೀನಿ ಕೇಳಿ. ಚಾಮರಾಜನಗರದಿಂದ ಗುಂಡ್ಲುಪೇಟೆವರೆಗೆ ಯಾರಿಗೆ ಎಂಥ ಸಂಕಟ ಬಂದರೂ ಕೊನೆಗೆ ಬಂದು ನಿಲ್ಲುವುದು ಈ ರೇವಂತನ ಎದುರಿಗೇ. ಬುದ್ಧಿವಂತರು ಬೆಳಗ್ಗೆಯಿಂದ ಸಂಜೆವರೆಗೆ ಒದ್ದಾಡಿದರೂ ಬಿಚ್ಚದ ಗಂಟನ್ನು ನಾನು ಎರಡೇ ನಿಮಿಷದಲ್ಲಿ, ಅದೂ ಒಂದು ಕೈಯಲ್ಲಿ ಬೋಂಡ ಹಿಡಿದುಕೊಂಡು, ಬಿಚ್ಚಿದ್ದೇನೆ. ಹಿನ್ನೆಲೆ ಸಂಗೀತ ಒಂದು ಕಮ್ಮಿ ಇತ್ತು, ಅಷ್ಟೇ. ನಂಬಿಕೆ ಇಲ್ಲವಾ? ನನ್ನ ಗೆಳೆಯ ಮೃತ್ಯುಂಜಯನ ಶನಿವಾರದ ಕತೆ ಕೇಳಿ.

ಮೃತ್ಯುಂಜಯನಿಗೆ ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ. ಬಿಡುವಿನಲ್ಲಿ ಕೂತು, ಊರ ಗದ್ದೆಗಳಿಗೆ ನೀರು ಬಿಡುವ 'ನೀರುಗಂಟಿ'ಯ ಹೆಸರಿಟ್ಟು ಒಂದು ಆ್ಯಪ್ ಬರೆದಿದ್ದ. ತೋಟಕ್ಕೆ ತ್ರೀಫೇಸ್ ಕರೆಂಟು ಬಂದ ಕೂಡಲೇ ಫೋನು ಕೂಗುತ್ತದೆ, ಮಂಚದ ಮೇಲಿಂದಲೇ ಮೋಟಾರು ಹಾಕಬಹುದು. ಪೂರ್ತಿ ಪುಕ್ಕಟೆ. ಒಳಗಿನ ಕೋಡನ್ನೂ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಮುನ್ನೂರು ರೈತರು ಹಾಕಿಕೊಂಡರು. ಇಷ್ಟಕ್ಕೇ ನಿಲ್ಲಿಸಿದ್ದರೆ ಪುಣ್ಯಾತ್ಮ ಚೆನ್ನಾಗಿರುತ್ತಿದ್ದ. ಆ್ಯಪಿನ ಕೆಳಗೆ 'ಸಹಾಯ ಬೇಕೆ? ಕರೆ ಮಾಡಿ' ಅಂತ ಬರೆದು ತನ್ನ ಸ್ವಂತ ನಂಬರು ಹಾಕಿಬಿಟ್ಟ.

ಅವತ್ತಿನಿಂದ ಅವನ ಫೋನು ಮದುವೆ ಮನೆಯ ಓಲಗದ ಹಾಗೆ ಒಂದೇ ಸಮನೆ ಊದತೊಡಗಿತು. ನಂಬರನ್ನು ಅಳಿಸಿದ. ಅಷ್ಟರಲ್ಲಿ ಉಡಿಗಾಲದ ರೈತ ಕರಿಬಸವಯ್ಯ ಅದನ್ನು ಪಂಪ್‌ಹೌಸಿನ ಗೋಡೆ ಮೇಲೆ ಪೇಂಟಿನಲ್ಲಿ ಬರೆಸಿ ಆಗಿತ್ತು.

ಶನಿವಾರ ಬೆಳಗ್ಗೆ ಬಂತು ನೋಡಿ ಬಾಂಬು. ಗುಂಡ್ಲುಪೇಟೆಯ ಕಾವ್ಯಶ್ರೀ ಜೊತೆ ಅವನ ಮದುವೆ ಮಾತು ನಡೆಯುತ್ತಿತ್ತು. ಅವಳು ಕಳಿಸಿದ ವಾಯ್ಸ್ ಮೆಸೇಜನ್ನು ಮೃತ್ಯುಂಜಯ ನನ್ನ ಕಿವಿಗೇ ಇಟ್ಟ.

"ಮೂರ್ ದಿನದಿಂದ ಮಾಡ್ತಾ ಇವ್ನಿ, ಯಾವಾಗ್ ನೋಡುದ್ರೂ ನಿಮ್ ಫೋನ್ ಬಿಜಿ. ನಾಳೆ ಮದ್ವೆ ಆದ್ಮೇಲೂ ಊರೋರ್ ಮೋಟ್ರೇ ಹೆಚ್ಚಾ? ಇವತ್ ಸಾಯಂಕಾಲ ಆರ್ ಗಂಟೆಗೆ ಮಾಡ್ತೀನಿ. ಮಾತಾಡಕ್ ಸಿಕ್ಕುದ್ರೆ ಸರಿ. ಇಲ್ದಿದ್ರೆ ನಮ್ಮಪ್ಪಾಜಿಗೆ ಬ್ಯಾಡ ಅಂತ ಹೇಳ್ಬುಡ್ತೀನಿ."

"ಈಗೇನ್ಲಾ ಮಾಡದು?" ಅಂದ ಮೃತ್ಯುಂಜಯ. ಅವನ ಮುಖ ಕರೆಂಟು ಹೋದ ಟಿವಿ ಥರ ಆಗಿತ್ತು.

"ಟೆನ್ಶನ್ ತಗೋಬೇಡ ಮಚ್ಚಾ. ವಿಲನ್ ಎಷ್ಟ್ ದೊಡ್ಡೋನಾದ್ರೂ ಕ್ಲೈಮ್ಯಾಕ್ಸಲ್ಲಿ ಇರೋನು ಈ ರೇವಂತ!"

"ನೀನ್ ಇರದೇ ನಂಗ್ ಟೆನ್ಶನ್ನು."

ಚಾಮರಾಜನಗರದಲ್ಲಿ ನಮ್ಮ ಗೆಳೆಯ ಸುಧಾಕರನ ಮೊಬೈಲ್ ಅಂಗಡಿಯಲ್ಲಿ ಸಭೆ ಸೇರಿತು. ಸಂಜೆ ಆರರೊಳಗೆ ಮುನ್ನೂರು ಜನರನ್ನೂ ಅವನ ಫೋನಿನಿಂದ ಎಬ್ಬಿಸಿ ಬೇರೆ ಕಡೆ ಕೂರಿಸಬೇಕು. ಎಲ್ಲಿ?

"ವಾಟ್ಸಾಪ್ ಗ್ರೂಪ್ ಮಾಡ್ಬುಡು," ಅಂದ ಸುಧಾಕರ.

"ಬ್ಯಾಡ," ಅಂದ ಮೃತ್ಯುಂಜಯ. "ಗ್ರೂಪಲ್ಲಿ ಹೇಳಿದ್ದು ಎರಡೇ ದಿನಕ್ಕೆ ಎಲ್ಲೋ ಕೊಚ್ಕೊಂಡ್ ಹೋಯ್ತದೆ. ಇಂಟರ್ನೆಟ್ಟಲ್ಲಿ ಫೋರಮ್ ಅಂತ ಒಂದ್ ಪೇಜ್ ಮಾಡುದ್ರೆ ಒಬ್ಬ ಕೇಳಿದ್ದು, ಒಬ್ಬ ಹೇಳಿದ್ದು ಹಂಗೇ ನಿಂತ್ಕತದೆ. ನಾಳೆ ಬಂದೋನು ಹುಡುಕ್ಕಂಡು ಓದ್ಕತಾನೆ."

"ನಮ್ ಜನ? ಹುಡುಕ್ಕಂಡು? ಓದ್ಕತಾರಾ?" ಸುಧಾಕರ ಗಿರಾಕಿಯ ಫೋನಿಗೆ ಗ್ಲಾಸ್ ಅಂಟಿಸುವುದನ್ನು ಬಿಟ್ಟು ನಕ್ಕ.

ಹನ್ನೊಂದಕ್ಕೆ ಫೋರಮ್ ಶುರುವಾಯಿತು. ಹನ್ನೊಂದೂ ಐದಕ್ಕೆ ಕರಿಬಸವಯ್ಯನ ಫೋನು.

"ಲೋ ಮೃತ್ಯುಂಜಯ, ಅದೇನೋ ಪಾಸ್‌ವರ್ಡ್ ಕೇಳ್ತದಲ್ಲಾ, ಏನಾಕ್ಲಿ?"

"ನಿಮ್ಗೆ ಗೊತ್ತಿರ ಯಾವ್ದಾದ್ರೂ ಹೆಸ್ರು ಹಾಕಿ ಕರಿಬಸವಣ್ಣ."

"ನಮ್ಮೆಮ್ಮೆ ಹೆಸ್ರು ಆಕ್ದೆ ಕಣ್ಲಾ, ವೀಕು ಅಂತದೆ. ಎರಡೊತ್ತೂ ಸೇರಿ ಹತ್ ಲೀಟ್ರು ಕರೀತದೆ, ಅದೆಂಗ್ಲಾ ವೀಕು? ಅದ್ಕೇನ್ ಗೊತ್ತು ನಮ್ಮೆಮ್ಮೆ ಇಚಾರ?"

ಮಧ್ಯಾಹ್ನದೊಳಗೆ ಫೋರಮ್ಮಿಗೆ ಸೇರಿದವರು ಇಬ್ಬರು. ಒಬ್ಬ ಮೃತ್ಯುಂಜಯ, ಇನ್ನೊಬ್ಬ ನಾನು. ಸೇರುವುದು ಹೇಗೆ ಅಂತ ಕೇಳಲು ಫೋನ್ ಮಾಡಿದವರು ನಲವತ್ತೆರಡು ಜನ.

"ನಾನೇಳಿಲ್ವಾ?" ಅಂತ ಸುಧಾಕರ ಮೃತ್ಯುಂಜಯನ ಫೋನು ಕಿತ್ತುಕೊಂಡು ವಾಟ್ಸಾಪ್ ಗ್ರೂಪ್ ಮಾಡಿಯೇಬಿಟ್ಟ. ಯಾರಿಗೂ ಬೇಜಾರಾಗಬಾರದು ಅಂತ ಸಿಕ್ಕಸಿಕ್ಕವರನ್ನೆಲ್ಲ ಅಡ್ಮಿನ್ ಮಾಡಿದ. ಗ್ರೂಪು ಹುಟ್ಟಿ ಹತ್ತು ನಿಮಿಷಕ್ಕೆ ಮಧ್ಯಾಹ್ನ ಒಂದೂವರೆ ಗಂಟೆಯ ಬಿಸಿಲಿನಲ್ಲಿ ಹದಿನೇಳು ಜನ ಗುಡ್ ಮಾರ್ನಿಂಗ್ ಹೇಳಿದರು. ಒಬ್ಬರು ಗೋಪಾಲಸ್ವಾಮಿ ಬೆಟ್ಟದ ಮಂಜಿನ ಫೋಟೋ ಹಾಕಿದರು. ಅದಕ್ಕೆ ಐವತ್ತು ಕೈಮುಗಿದ ಚಿತ್ರ. ಇನ್ನೊಬ್ಬರು ಏಲಕ್ಕಿ ಬಾಳೆ ಕಂದು ಮಾರಾಟಕ್ಕಿದೆ ಅಂದರು.

ಇಷ್ಟಾದರೂ ಸಹಿಸಬಹುದಿತ್ತು. ಆದರೆ ನಮ್ಮ ಕಡೆಯವರಿಗೆ ಒಂದು ಮರ್ಯಾದೆ ಇದೆ. ಗ್ರೂಪಿಗೆ ಏನೇ ಹಾಕಲಿ, ಹಾಕಿದ್ದೇನೆ ಅಂತ ಫೋನ್ ಮಾಡಿ ತಿಳಿಸುತ್ತಾರೆ. ಲಗ್ನಪತ್ರಿಕೆ ಕೊಟ್ಟ ಮೇಲೂ ಬಾಯಲ್ಲಿ ಕರೆಯಬೇಕಲ್ಲ, ಹಾಗೆ.

"ಗ್ರೂಪಲ್ಲಿ ನಾಕ್ ನಿಮಿಷದ್ ವಾಯ್ಸ್ ಆಕಿವ್ನಿ, ಕೇಳ್ದಾ?" ಮತ್ತೆ ಕರಿಬಸವಯ್ಯ.

"ಕೇಳ್ತೀನಿ ಬುಡಿ ಅಣ್ಣ."

"ಯಾವಾಗ್ ಕೇಳೀಯೆ? ನಾನೇ ಏಳ್ಬುಡ್ತೀನಿ ತಕೋ." ಪೂರ್ತಿ ನಾಲ್ಕು ನಿಮಿಷವೂ ಹೇಳಿದ.

ಮೃತ್ಯುಂಜಯ ರೇಗಿ, ಅಡ್ಮಿನ್ನುಗಳನ್ನೆಲ್ಲ ಇಳಿಸಿ, ತಾನೊಬ್ಬನೇ ಬರೆಯುವ ಹಾಗೆ ಗ್ರೂಪಿಗೆ ಬೀಗ ಹಾಕಿದ. ಗ್ರೂಪು ತಣ್ಣಗಾಯಿತು. ಫೋನು ಕುದಿಯಿತು.

"ನಮ್ ಬಾಯ್ಗೆ ಬೀಗ ಆಕಕ್ಕೆ ನೀನ್ಯಾವನ್ಲಾ?"

"ನನ್ ಅಡ್ಮಿನ್ ಪೋಸ್ಟು ಯಾಕ್ ಕಿತ್ಕಂಡ್ರಿ ಸಾರ್? ನಮ್ಮತ್ತೆ ಮನೇಲೆಲ್ಲ ಹೇಳ್ಕಂಡಿದ್ದೆ!"

ನಾಲ್ಕೂವರೆ ಆಯಿತು. ಮೃತ್ಯುಂಜಯ ಅಂಗಡಿಯಿಂದ ರಸ್ತೆಗೆ, ರಸ್ತೆಯಿಂದ ಅಂಗಡಿಗೆ ಬಾಲಕ್ಕೆ ಪಟಾಕಿ ಕಟ್ಟಿಸಿಕೊಂಡ ನಾಯಿಯ ಹಾಗೆ ಓಡಾಡುತ್ತಿದ್ದ. ಬೆರಳಿನ ಉಗುರು ಮುಗಿದು ಪೆನ್ನಿನ ಕ್ಯಾಪು ಕಡಿಯುತ್ತಿದ್ದ.

ಆಗ ನಾನು ಎದ್ದೆ. ಕನ್ನಡಕ ಇರಲಿಲ್ಲ, ಇದ್ದಿದ್ದರೆ ನಿಧಾನಕ್ಕೆ ತೆಗೆಯುತ್ತಿದ್ದೆ. "ಫೋನ್ ಕೊಡ್ಲಾ ಇಲ್ಲಿ. ಎರಡ್ ನಿಮಿಷ. ಆಮೇಲ್ ಈ ಫೋನು ಉಸಿರಾಡ್ಬೇಕಾದ್ರೂ ನನ್ ಪರ್ಮಿಶನ್ ಕೇಳ್ಬೇಕು!"

ಕೊಟ್ಟ. ಎರಡು ನಿಮಿಷದಲ್ಲಿ ವಾಪಸ್ ಕೊಟ್ಟೆ.

ಫೋನು ಸುಮ್ಮನಾಯಿತು.

ಐದು ಗಂಟೆ. ಸದ್ದಿಲ್ಲ. ಐದೂವರೆ. ಸದ್ದಿಲ್ಲ. "ಏನ್ ಮಾಡ್ದೆ ಕಣ್ಲಾ?" ಅಂದ. "ಮ್ಯಾಜಿಕ್ ಮಾಡೋನ್ನ ಮ್ಯಾಜಿಕ್ ಕೇಳ್ಬಾರ್ದು," ಅಂದೆ. ಖುಷಿಗೆ ನನಗೆ ಇನ್ನೊಂದು ತಟ್ಟೆ ಬೋಂಡ ಕೊಡಿಸಿದ.

ಆರು ಗಂಟೆ. ಫೋನನ್ನು ಅಂಗೈಯಲ್ಲಿ ಕಾವು ಕೊಡುವ ಮೊಟ್ಟೆಯ ಹಾಗೆ ಹಿಡಿದು ಕೂತ. ಸದ್ದಿಲ್ಲ. ಆರೂ ಐದು. ಆರೂ ಹತ್ತು. ಅವನೇ ಮಾಡಿದ, ಕಾವ್ಯಶ್ರೀ ಎತ್ತಲಿಲ್ಲ. "ಹೋಗನ ನಡಿ ಗುಂಡ್ಲುಪೇಟೆಗೆ!" ಅಂತ ಬೈಕ್ ಹತ್ತಿದ. ನಾನು ಹಿಂದೆ ಕೂತು ತೆರಕಣಾಂಬಿ ದಾಟುವವರೆಗೂ ಅವನಿಗೆ ಧೈರ್ಯ ಹೇಳುತ್ತಲೇ ಇದ್ದೆ.

ಅವರ ಮನೆ ಜಗುಲಿ ಮೇಲೆ ಕಾವ್ಯಶ್ರೀಯ ತಂದೆ ಗಂಗಾಧರಸ್ವಾಮಿ ಕೂತಿದ್ದರು. ಕಿವಿಗೆ ಫೋನು.

"ಕೆಂಪ್ ಲೈಟಾ? ಸ್ಟಾರ್ಟ್ರು ಆರ್ಸಿ, ಹತ್ತೆಣಿಸಿ ಆಕಪ್ಪಾ. ಬಂತಾ? ನೀರ್ ಬಂತಾ? ಹಾಂ!" ಫೋನ್ ಇಟ್ಟು ನಮ್ಮನ್ನು ನೋಡಿ ಮುಖ ಅರಳಿಸಿದರು. "ಬಾಪ್ಪಾ ಮೃತ್ಯುಂಜಯ! ಎಂಥ ಕೆಲ್ಸ ಒಪ್ಸಿದೀಯೆ ನಂಗೆ!"

"ನಾನಾ ಸಾರ್?"

"ನಾಕೂವರೆಯಿಂದ ನಿನ್ ಫೋನೆಲ್ಲ ನನ್ ತೋಟದ್ ನಂಬರ್ಗೇ ಬತ್ತಾ ಅವೆ! ಮೊದಲ್ನೇವ್ನು ಕೇಳಿದ್ದು ನಂಗೂ ಗೊತ್ತಿರ್ನಿಲ್ಲ. ಎರಡ್ನೇವ್ನು ಅದಕ್ ಉತ್ರ ಏಳ್ದ. ಮೂರ್ನೇವ್ನಿಗೆ ನಾನೇ ಏಳ್ಬುಟ್ಟೆ! ಇಪ್ಪತ್ತೈದ್ ವರ್ಸದಿಂದ ಈ ಮನೇಲಿ ನನ್ ಮಾತ್ ಒಬ್ರೂ ಕೇಳಿಲ್ಲ ಕಣಪ್ಪ. ಇವತ್ತು ಇಡೀ ಜಿಲ್ಲೆ ಕೇಳ್ತಾ ಅದೆ. ಇದ್ನ ಮಾತ್ರ ತೆಗ್ದೀಯೆ ಜೋಕೆ!"

ಬಾಗಿಲಲ್ಲಿ ಕಾವ್ಯಶ್ರೀ ಕೈಕಟ್ಟಿ ನಿಂತಿದ್ದಳು. "ಆರ್ ಗಂಟೆಗೆ ಕರೆಕ್ಟಾಗಿ ನಿಮ್ಗೆ ಮಾಡ್ದೆ. ಫೋನ್ ಹೊಡ್ಕಂಡಿದ್ದು ನಮ್ ಜಗಲಿ ಮೇಲೆ. ಎತ್ತಿದ್ದು ನಮ್ಮಪ್ಪಾಜಿ. 'ಯಾವೂರಮ್ಮಾ, ಎಷ್ಟ್ ಎಚ್‌ಪಿ ಮೋಟ್ರು?' ಅಂದ್ರು."

"ಮತ್ತೆ... ಬ್ಯಾಡ ಅಂದ್ಬುಟ್ರಾ?" ಮೃತ್ಯುಂಜಯ ಜಗುಲಿಯ ಅಂಚಿಗೆ ಬಂದು ನಿಂತು ಕೇಳಿದ.

"ಬೇಕು ಅನ್ನನ ಅಂದ್ರೂ ಬ್ಯಾಡ ಅನ್ನನ ಅಂದ್ರೂ ಕೇಳಕ್ ಅಪ್ಪಾಜಿ ಬಿಡುವಾಗಿರ್ಬೇಕಲ್ಲ!"

"ಮದ್ವೆ ಮಾತು ನಿಧಾನಕ್ ಆಡನ ಇರಿ," ಅಂದರು ಗಂಗಾಧರಸ್ವಾಮಿ, ಮತ್ತೆ ಬಡಿದುಕೊಂಡ ಫೋನು ಎತ್ತುತ್ತಾ. "ಪಾಪ, ನಾಕ್ ಜನ ಕಾಯ್ತಾ ಅವ್ರೆ."

ಈಗ ನಾನು ಹಾಕಿದ ಕಾಲ್ ಫಾರ್ವರ್ಡ್ ತೆಗೆದರೆ ಭಾವಿ ಮಾವನವರು ಮುನಿಯುತ್ತಾರೆ. ಬಿಟ್ಟರೆ ಕಾವ್ಯಶ್ರೀ ಯಾವಾಗ ಮಾಡಿದರೂ ಅವಳಪ್ಪನೇ ಎತ್ತುತ್ತಾರೆ. ಮೃತ್ಯುಂಜಯ ನನ್ನ ಕಡೆ ತಿರುಗಿದ. ನಾನು ಎದೆ ಸೆಟೆಸಿ, "ಜಿಲ್ಲೇನೆಲ್ಲ ಜಾಲಾಡಿ ಯೋಗ್ಯರನ್ನೇ ಆರಿಸ್ದೆ ಮಚ್ಚಾ!" ಅಂದೆ.

ಸುಳ್ಳು. ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ? ಅವತ್ತು ಅವನ ಫೋನಿನಲ್ಲಿ ಯಾವುದೋ ಹೆಸರಿಲ್ಲದ ನಂಬರಿನಿಂದ ಹದಿನಾಲ್ಕು ಮಿಸ್ಡ್ ಕಾಲ್ ಇದ್ದವು. ಅಷ್ಟು ಜೀವ ತಿಂದವನು ಯಾವನೇ ಆಗಲಿ, ಅವನೂ ಒಂದಿಷ್ಟು ಅನುಭವಿಸಲಿ ಅಂತ ಬರುವ ಫೋನನ್ನೆಲ್ಲ ಅವನಿಗೇ ತಿರುಗಿಸಿದ್ದೆ. ಅದು ಆ್ಯಪ್ ಹಾಕಿಕೊಂಡಿದ್ದ ಕಾವ್ಯಶ್ರೀ ಅಪ್ಪನ ತೋಟದ ನಂಬರು ಅಂತ ನನಗೇನು ಕನಸು ಬಿದ್ದಿತ್ತಾ? ಅವಳ ಆರು ಗಂಟೆಯ ಫೋನೂ ಅದೇ ದಾರಿ ಹಿಡಿಯುತ್ತದೆ ಅನ್ನುವುದಂತೂ ತಲೆಗೇ ಬರಲಿಲ್ಲ.

ತಪ್ಪು ಒಪ್ಪಿಕೊಂಡುಬಿಡೋಣ ಅಂತ ಇವತ್ತು ಮೃತ್ಯುಂಜಯನಿಗೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಎತ್ತಿದ್ದು ಅವನ ಭಾವಿ ಮಾವ. ಸರದಿಯಲ್ಲಿ ನನ್ನದು ಏಳನೇ ನಂಬರಂತೆ. ಕಾಯುತ್ತಿದ್ದೇನೆ.