ಮಾಮನ ಬರ್ಫಿ ಕಾಗದ

ನನ್ನ ಸೋದರಮಾವನಿಗೆ ಒಂದು ಲೋಟ ಕಾಫಿ ಮಾಡಿಕೊಳ್ಳಬೇಕಾದರೆ ಏಳು ಚೌಕ, ಮೂರು ಬರ್ಫಿ ಬೇಕಾಗುತ್ತಿತ್ತು. ತಿನ್ನುವುದಕ್ಕಲ್ಲ ಸ್ವಾಮಿ, ಕಾಗದದ ಮೇಲೆ ಬರೆಯುವುದಕ್ಕೆ! ಇಂಥವರ ಜೊತೆ ಒಂದೇ ಸೂರಿನಡಿ ಬಾಳುವುದು ಸುಲಭ ಎಂದುಕೊಂಡಿರಾ?

ಇದೆಲ್ಲ ಶುರುವಾದದ್ದು ಅರವತ್ತರ ದಶಕದ ಕೊನೆಯಲ್ಲಿ. ಮಾಮನಿಗೆ ಮದುವೆಯಾಗಿರಲಿಲ್ಲ. ದೇವರಾಜ ಮೊಹಲ್ಲಾದ ನಮ್ಮ ಮನೆಯಲ್ಲೇ ಇದ್ದುಕೊಂಡು, ಒಂದು ಕಚೇರಿಯಲ್ಲಿ ಅಂಕಿ ಅಂಶ ಬರೆಯುವ ಕೆಲಸಕ್ಕೆ ಹೋಗುತ್ತಿದ್ದರು. ಮುಂದೆ ಕಂಪ್ಯೂಟರ್ ಬರುತ್ತದೆ, ಕಲಿತು ಬನ್ನಿ ಎಂದು ಕಚೇರಿಯವರು ಅವರನ್ನು ಆರು ವಾರ ಬೊಂಬಾಯಿಗೆ ಕಳಿಸಿದರು. ಮಾಮ ಕಲಿತು ಬಂದರು, ಕಂಪ್ಯೂಟರ್ ಬರಲಿಲ್ಲ! ಕಲಿತ ವಿದ್ಯೆ ಸುಮ್ಮನಿರುತ್ತದೆಯೇ? ನಮ್ಮ ಮೇಲೆ ಪ್ರಯೋಗವಾಯಿತು.

ಆ ವಿದ್ಯೆಯ ಹೆಸರು ಫ್ಲೋಚಾರ್ಟ್. ಯಂತ್ರಕ್ಕೆ ಕೆಲಸ ಹೇಳುವ ಮುಂಚೆ ಆ ಕೆಲಸ ಯಾವ ದಾರಿಯಲ್ಲಿ ಸಾಗಬೇಕೆಂದು ಚಿತ್ರ ಬರೆದುಕೊಳ್ಳುವುದು. ಮಾಡಬೇಕಾದ್ದನ್ನು ಚೌಕದೊಳಗೆ ಬರೆಯಬೇಕು, ಕೇಳಬೇಕಾದ ಪ್ರಶ್ನೆಯನ್ನು ಬರ್ಫಿಯ ಆಕಾರದೊಳಗೆ. ಪ್ರತಿ ಬರ್ಫಿಯಿಂದ ಎರಡು ಗೆರೆ ಹೊರಡಬೇಕು, ಒಂದು ‘ಹೌದು’, ಇನ್ನೊಂದು ‘ಇಲ್ಲ’. ಒಂದು ಗೆರೆ ಬಿಟ್ಟುಹೋದರೂ ಯಂತ್ರ ದಿಕ್ಕು ತೋಚದೆ ನಿಂತುಬಿಡುತ್ತದಂತೆ. ಬರ್ಫಿ ಎನ್ನುವುದು ಅಮ್ಮ ಇಟ್ಟ ಹೆಸರು. “ದಿನಾ ಬರ್ಫಿ ಬರೀತೀಯಲ್ಲೋ, ಒಂದಿನಾನಾದ್ರೂ ತಂದ್ಕೊಟ್ಟಿದ್ದೀಯಾ?” ಎಂದು ತಮ್ಮನನ್ನು ಛೇಡಿಸುತ್ತಿದ್ದಳು.

ನಾನಾಗ ಕಾಲೇಜಿನಲ್ಲಿ ಓದುತ್ತಿದ್ದೆ. ನನಗೂ ವಿದ್ಯಾದಾನ ಮಾಡುವ ಉತ್ಸಾಹ ಮಾಮನಿಗೆ. ಒಂದು ಬೆಳಗ್ಗೆ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಬದನೆಕಾಯಿ ರಾಶಿಯ ಮುಂದೆ ನಿಲ್ಲಿಸಿದರು.

“ಇದ್ರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವ್ದು ಹೇಳು.”

ನಾನು ಥಟ್ಟನೆ ಒಂದನ್ನು ತೋರಿಸಿದೆ.

“ನಿಂಗೆ ಕಣ್ಣದೆ, ತೋರಿಸ್ಬುಟ್ಟೆ. ಯಂತ್ರ ರಾಶಿ ನೋಡಲ್ಲ ಕಣಮ್ಮ, ಒಂದೊಂದೇ ನೋಡ್ತದೆ.”

ಯಂತ್ರ ನೋಡುವ ಬಗೆ ಹೀಗಂತೆ. ಎಡಗೈಯಲ್ಲಿ ಒಂದು ಕಾಯಿ ಹಿಡಿ. ರಾಶಿಯಿಂದ ಇನ್ನೊಂದು ಎತ್ತು. ಇದು ಅದಕ್ಕಿಂತ ದೊಡ್ಡದೇ? ಹೌದಾದರೆ ಎಡಗೈಯದನ್ನು ಬಿಟ್ಟು ಇದನ್ನು ಹಿಡಿ, ಇಲ್ಲವಾದರೆ ಇದನ್ನೇ ಆಚೆಗಿಡು. ರಾಶಿ ಮುಗಿಯಿತೇ? ಇಲ್ಲ! ಮತ್ತೊಂದು ಎತ್ತು. ಮಾಮ ಹೀಗೆ ಎತ್ತುತ್ತಾ ಇಡುತ್ತಾ ಅರ್ಧ ಗಂಟೆ ಕಳೆದರು. ತರಕಾರಿಯಾಕೆಗೆ ತಡೆಯಲಾಗಲಿಲ್ಲ.

“ಸೋಮಿ, ಬದ್ನೆಕಾಯಿ ತಗೊಂಡೋಯ್ತೀರೋ, ಇಲ್ಲ ಅದುಕ್ಕೆ ಗಂಡು ನೋಡ್ತಿದ್ದೀರೋ?”

“ಇನ್ನು ಹದ್ನಾಲ್ಕದೆ, ತಾಳಮ್ಮ” ಎಂದರು ಮಾಮ ತಲೆಯೆತ್ತದೆ.

ಕಡೆಗೆ ಗೆದ್ದ ಕಾಯಿಯನ್ನು ಮೆರವಣಿಗೆಯಂತೆ ಮನೆಗೆ ತಂದದ್ದಾಯಿತು. ಅಮ್ಮ ಹೆಚ್ಚಿದಳು. ಒಳಗೆಲ್ಲ ಹುಳು! ‘ಹುಳುಕಿದೆಯೇ?’ ಎಂಬ ಬರ್ಫಿ ಬರೆಯುವುದನ್ನು ಮಾಮ ಮರೆತಿದ್ದರು.

ಆ ವರ್ಷವೇ ಅಮ್ಮನ ಹೊಟ್ಟೆಯಲ್ಲಿ ಗೆಡ್ಡೆ ಬೆಳೆದಿದೆಯೆಂದು ತಿಳಿಯಿತು. ಆಪರೇಷನ್ ಆಗಬೇಕು, ಎರಡು ವಾರ ಆಸ್ಪತ್ರೆಯಲ್ಲಿರಬೇಕು ಎಂದರು ಡಾಕ್ಟರು. ಮಾಮ ಪೆನ್ಸಿಲ್ಲು, ಅಡಿಕೋಲು ಹಿಡಿದು ಅಡುಗೆಮನೆಗೆ ಹೋಗಿ ಅಕ್ಕನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರು. ಅವಳಿಲ್ಲದಾಗ ಮನೆ ನಡೆಯಬೇಕಲ್ಲ!

“ಅಕ್ಕ, ಮುದ್ದೆ ಒಲೆಯಿಂದ ಯಾವಾಗ ಇಳಿಸ್ಬೇಕು?”

“ಹದ ಬಂದಾಗ.”

“ಹದ ಅಂದ್ರೆ ಎಷ್ಟು ನಿಮಿಷ?”

“ಹದ ಅಂದ್ರೆ ಹದ ಕಣೋ! ಅದುಕ್ಯಾವ ನಿಮಿಷ?”

“ಹೌದು, ಇಲ್ಲ ಅನ್ನೋ ಹಂಗೆ ಹೇಳಕ್ಕ.”

ಅಮ್ಮ ಯೋಚಿಸಿದಳು. ಹದವನ್ನು ಅವಳು ಕೈಯಲ್ಲಿ ಕಲಿತವಳು, ಬಾಯಲ್ಲಿ ಹೇಳಿ ಗೊತ್ತಿಲ್ಲ. “ಗಂಟು ಇರಬಾರ್ದು, ಬರ್ಕೊ” ಎಂದಳು. ಮಾಮ ಬರೆದುಕೊಂಡರು. ಗಂಟಿದೆಯೇ? ಹೌದಾದರೆ ಕೋಲಿನಿಂದ ತಿರುವು, ಮತ್ತೆ ಇದೇ ಪ್ರಶ್ನೆಗೆ ಬಾ. ಇಲ್ಲವಾದರೆ ಇಳಿಸು.

ಅಮ್ಮ ಆಸ್ಪತ್ರೆಗೆ ಸೇರಿದ ಮೊದಲ ದಿನ ಚಾರ್ಟಿನ ಪರೀಕ್ಷೆ. ನಾನು ಮಾಡುತ್ತೇನೆಂದರೆ ಮಾಮ ಒಪ್ಪಲಿಲ್ಲ. ಏನೂ ಗೊತ್ತಿಲ್ಲದವರು ಮಾಡಿದರೇ ಅದು ಪರೀಕ್ಷೆಯಂತೆ, ಯಂತ್ರಕ್ಕೂ ಏನೂ ಗೊತ್ತಿರುವುದಿಲ್ಲವಂತೆ. ಆ ಅರ್ಹತೆ ಮನೆಯಲ್ಲಿ ಅಪ್ಪನೊಬ್ಬರಿಗೇ ಇದ್ದುದರಿಂದ ಅವರೇ ಆಯ್ಕೆಯಾದರು. ಕಾಗದವನ್ನು ಗೋಡೆಗೆ ಅಂಟಿಸಿ ಅಪ್ಪ ತಿರುವತೊಡಗಿದರು. ತಿರುವಿದರು, ಬಗ್ಗಿ ನೋಡಿದರು, ಗಂಟಿತ್ತು, ತಿರುವಿದರು. ನಾವು ಹಜಾರದಲ್ಲಿ ತಟ್ಟೆ ಹಾಕಿಕೊಂಡು ಕಾದೆವು. ಸೀದ ವಾಸನೆ ಬೀದಿಗೆ ಹೋಯಿತು.

“ಇಳಿಸಿ ಭಾವ, ಇಳಿಸಿ!” ಎಂದು ಮಾಮ ಒಳಗೆ ಓಡಿದರು.

“ಎಂಗಯ್ಯಾ ಇಳಿಸ್ಲಿ? ಇನ್ನೂ ಒಂದು ಗಂಟದೆ. ನಿನ್ ಗೆರೆ ನನ್ನ ಬುಡ್ತಾನೇ ಇಲ್ವಲ್ಲ!” ಎಂದರು ಅಪ್ಪ, ಬೆವರು ಸುರಿಸುತ್ತಾ, ಕೋಲು ನಿಲ್ಲಿಸದೆ.

ಮಾಮ ಅಪ್ಪನನ್ನು ಭಕ್ತಿಯಿಂದ ನೋಡಿದರು. “ಭಾವ, ಸಾಕ್ಷಾತ್ ಕಂಪ್ಯೂಟರ್ ನೀವೇ!”

ಸಂಜೆ ಆಸ್ಪತ್ರೆಯಲ್ಲಿ ಈ ಕಥೆ ಕೇಳಿ ಅಮ್ಮ ನಕ್ಕಳು. “ನಗಿಸ್ಬೇಡ್ರೋ, ಹೊಟ್ಟೆ ನೋಯ್ತದೆ” ಎನ್ನುತ್ತಲೇ ನಕ್ಕಳು.

ಮಾರನೆಯ ಬೆಳಗ್ಗೆ ಆಪರೇಷನ್ನಿಗೆಂದು ಅವಳನ್ನು ಒಳಗೆ ಕರೆದುಕೊಂಡು ಹೋದರು. ಗೆಡ್ಡೆ ದೊಡ್ಡದಿದೆ, ಏನೂ ಹೇಳಲಾಗದು ಎಂದಿದ್ದರು ಡಾಕ್ಟರು. ಅಪ್ಪ ಬಾಗಿಲ ಬಳಿಯೇ ನಿಂತರು. ನಾನೂ ಮಾಮನೂ ಬೆಂಚಿನ ಮೇಲೆ ಕುಳಿತೆವು. ಮಾಮನಿಗೆ ಎರಡು ವರ್ಷವಾಗಿದ್ದಾಗ ಅವರ ತಾಯಿ ತೀರಿಕೊಂಡರಂತೆ. ಆಗಿನಿಂದ ಸೊಂಟದ ಮೇಲೆ ಹೊತ್ತು ಸಾಕಿದವಳು ನನ್ನಮ್ಮ, ಅವಳಿಗೇ ಆಗ ಹತ್ತು ವರ್ಷ.

ಮಾಮನ ಜೇಬಿನಿಂದ ಕಾಗದ ಇಣುಕುತ್ತಿತ್ತು. ಹೊತ್ತು ಕಳೆಯಲೆಂದು ಎಳೆದು ನೋಡಿದೆ. ಆ ದಿನದ ಚಾರ್ಟು! ಏಳು, ಸ್ನಾನ ಮಾಡು, ಭಾವನಿಗೆ ಕಾಫಿ ಕೊಡಿಸು, ಕಾಯು. ಕೊನೆಯ ಬರ್ಫಿಯಲ್ಲಿ ‘ಅಕ್ಕ ಕಣ್ಣು ಬಿಟ್ಟಳೇ?’ ಎಂದಿತ್ತು. ‘ಹೌದು’ ಎಂಬ ಗೆರೆ ಪುಟದ ತುದಿಯವರೆಗೂ ಹೋಗಿತ್ತು. ‘ಇಲ್ಲ’ ಎಂಬ ಕಡೆ ಗೆರೆಯೇ ಇರಲಿಲ್ಲ.

“ಮಾಮ, ಇಲ್ಲೊಂದು ಬಿಟ್ಬುಟ್ಟಿದ್ದೀರ” ಎಂದೆ ನಾನು, ಬುದ್ಧಿಯಿಲ್ಲದವಳು.

“ಗೊತ್ತು ಕಣಮ್ಮ” ಎಂದರು ಮಾಮ. “ಮೂರು ಹಾಳೆ ಹರಿದಾಕ್ದೆ. ಅಲ್ಲಿಂದ ಮುಂದಕ್ಕೆ ನಂಗೆ ಬರೆಯಕ್ಕಾಗ್ಲಿಲ್ಲ.”

ಮಾಮನ ಮೇಲೆ ನನಗೆ ಎಂದೂ ಬಾರದ ಅಕ್ಕರೆ ಬಂತು. ಕಾಗದವನ್ನು ಮಡಿಸಿ ಅವರ ಕೈಗಿಟ್ಟು ಆ ಕೈಯನ್ನೇ ಹಿಡಿದುಕೊಂಡೆ.

ಮಧ್ಯಾಹ್ನ ದಾಟಿದ ಮೇಲೆ ನರ್ಸಮ್ಮ ಕರೆದರು. ಒಳಗೆ ಹೋದೆವು. ಅಮ್ಮ ಕಣ್ಣು ಬಿಟ್ಟು ನಮ್ಮನ್ನು ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಕೇಳಿದಳು:

“ಊಟ ಮಾಡಿದ್ಯೇನೋ?”

ಹೌದು ಎನ್ನಬಹುದಿತ್ತು, ಇಲ್ಲ ಎನ್ನಬಹುದಿತ್ತು. ಮಾಮ ಎರಡನ್ನೂ ಹೇಳಲಾರದೆ, ಮಂಚದ ಕಂಬಿ ಹಿಡಿದು ಚಿಕ್ಕ ಮಗುವಿನ ಹಾಗೆ ಅತ್ತರು.