ಮಂಚದ ಮೇಲಿಲ್ಲದ ರೋಗಿ

ಆರೋಗ್ಯ ವಿಮೆಯ ವಿಷಯದಲ್ಲಿ ಮಸ್ಕಿಯ ಬಟ್ಟೆ ಅಂಗಡಿಕಾರರ ಪೈಕಿ ನನ್ನಷ್ಟು ತಿಳಿದವರು ಇಲ್ಲ ಎಂದು ನಾನು ಬಲವಾಗಿ ನಂಬಿದ್ದೆ. ಪಾಲಿಸಿಯನ್ನು ಸಣ್ಣ ಅಕ್ಷರಗಳ ಸಮೇತ ಓದಿದ್ದೆ. ಗಿರಾಕಿಗಳು ಸೀರೆ ಕೇಳಿದರೂ ಮೊದಲು ವಿಮೆಯ ಉಪದೇಶ, ಆಮೇಲೆ ಸೀರೆ! ಅಂಥ ನನಗೆ ಡೆಂಗಿ ಜ್ವರ ಬಂತು. ಸಿಂಧನೂರಿನ ಖಾಸಗಿ ಆಸ್ಪತ್ರೆ ಸೇರುವಾಗ ನನ್ನ ಮುಖದಲ್ಲಿ ಸಂಕಟಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು ಎಂದು ಹೆಂಡತಿ ಶರಣಮ್ಮ ಇವತ್ತಿಗೂ ಹೇಳುತ್ತಾಳೆ.

ಜ್ವರ ಇಳಿದು, ಇನ್ನೇನು ಮನೆಗೆ ಕಳಿಸುತ್ತಾರೆ ಎನ್ನುವಾಗ ಅವಳ ಅಣ್ಣ ಅಮರಪ್ಪನವರು ತುರ್ವಿಹಾಳದಿಂದ ನನ್ನನ್ನು ನೋಡಲು ಬಂದರು. ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬಂದಿದ್ದರು. ಕೈಯಲ್ಲಿ ರೊಟ್ಟಿ ಗಂಟು. ಕೋಣೆಯಲ್ಲಿ ಇದ್ದದ್ದು ಒಂದು ಮಂಚ, ಒಂದು ಸ್ಟೂಲು. ಹೆಂಡತಿಯ ಅಣ್ಣ ಸ್ಟೂಲಿನ ಮೇಲೆ, ನಾನು ಮಂಚದ ಮೇಲೆ? ನಮ್ಮ ಮನೆತನದಲ್ಲಿ ಇಂಥ ಅನಾಚಾರ ನಡೆದದ್ದಿಲ್ಲ.

"ಬರ್ರಿ, ಜರಾ ಅಡ್ಡಾಗ್ರಿ," ಎಂದೆ.

"ಏ, ಬ್ಯಾನಿ ಬಿದ್ದೋರು ನೀವು. ನಾ ಹ್ಯಾಂಗ ಮಕ್ಕೊಳ್ಳಲಿ?"

"ನನ್ನಾಣಿ ಐತಿ ನಿಮಗ!"

ಆಣೆ ಹಾಕಿದ ಮೇಲೆ ಅವರಾದರೂ ಏನು ಮಾಡಿಯಾರು? ಮಲಗಿದರು. ನಾನೇ ಹೊದಿಕೆ ಹೊದಿಸಿದೆ. ಶರಣಮ್ಮ ಔಷಧಿ ತರಲು ಹೋಗಿದ್ದಳು. ಬಂದವರಿಗೆ ಚಹಾ ಬೇಡವೇ? ಕೈಗೆ ಚುಚ್ಚಿದ್ದ ಸೂಜಿಯ ಸಮೇತ ನಾನೇ ಕೆಳಗಿನ ಹೋಟೆಲ್ಲಿಗೆ ಇಳಿದೆ.

ಅದೇ ಹೊತ್ತಿಗೆ ವಿಮಾ ಕಂಪನಿಯ ತನಿಖೆಯವನು ಬಂದಿದ್ದ. ರೋಗಿ ನಿಜವಾಗಿಯೂ ಇದ್ದಾನೋ ಇಲ್ಲವೋ ನೋಡುವುದು ಅವನ ಕೆಲಸ. ಅವನು ಕಂಡದ್ದು, ನನ್ನ ಹೆಸರಿನ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದ ಅಮರಪ್ಪನವರನ್ನು. ಎಬ್ಬಿಸಿ ಕೇಳಿದನಂತೆ.

"ಏನಾಗೇತ್ರಿ ನಿಮಗ?"

"ನನಗೇನಾಗೇತಿ? ಗುಂಡಕಲ್ಲಿನಂಗ ಅದೀನಿ!"

"ಮತ್ತ ಪೇಶಂಟ್ ಎಲ್ಲಿ?"

"ಚಾ ತರಾಕ ಹೋಗ್ಯಾರ."

ಅವನು ಫೋಟೋ ಹೊಡೆದುಕೊಂಡು ಹೊರಟ. ಮೆಟ್ಟಿಲಲ್ಲಿ ನನಗೆ ಎದುರಾದ. ಯಾರೆಂದು ತಿಳಿಯದೆ, "ಬರ್ರಿ, ಚಾ ಕುಡೀರಿ" ಎಂದು ನಾನು ಕರೆದೆ ಕೂಡ!

ಕ್ಲೇಮು ತಿರಸ್ಕೃತವಾಯಿತು. ಮಂಚದ ಮೇಲೆ ರೋಗಿ ಇರಲಿಲ್ಲ, ಇದು ಮೋಸ, ಪಾಲಿಸಿಯನ್ನೇ ರದ್ದು ಮಾಡುತ್ತೇವೆ ಎಂದು ನೋಟಿಸು ಬಂತು. ಅದೇ ಪಾಲಿಸಿಯಲ್ಲಿ ಶರಣಮ್ಮನ ಹೆಸರೂ ಇತ್ತು. ಅವಳ ಮೊಣಕಾಲಿಗೆ ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿಯಾಗಿತ್ತು. ಮೆಟ್ಟಿಲಿಗೊಮ್ಮೆ "ಅಯ್ಯ ಶಿವನೇ" ಎನ್ನುತ್ತಿದ್ದ ಅವಳು, ನೋಟಿಸು ಓದಿ ಮಡಚಿ, ಆಪರೇಷನ್ನಿನ ಚೀಟಿಯ ಜೊತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಬೀಗದ ಸದ್ದಿಗೆ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಲಿಂಗಸುಗೂರಿನಲ್ಲಿರುವ ಪರಿಚಯದ ವಕೀಲೆ ರೇಣುಕಾ ಅವರ ಬಳಿಗೆ ಓಡಿದೆ. "ದಿಲ್ಲಿ ತನಕಾ ಹೋಗಾಕ ನಾ ತಯಾರ್ ಅದೀನ್ರಿ!" ಎಂದೆ.

"ಎಲ್ಲಿಗೂ ಹೋಗೂದು ಬ್ಯಾಡ್ರಿ. ಮೊದ್ಲ ಕಂಪನಿಯ ದೂರು ವಿಭಾಗಕ್ಕ ಬರೀರಿ. ಒಂದು ತಿಂಗಳು ಜವಾಬು ಬರಲಿಲ್ಲಂದ್ರ, ಇಲ್ಲಾ ಅವ್ರು ಒಪ್ಪಲಿಲ್ಲಂದ್ರ, ವಿಮಾ ಲೋಕಪಾಲರಿಗೆ ಬರೀರಿ. ಫೀಸಿಲ್ಲ, ವಕೀಲರೂ ಬೇಕಾಗಿಲ್ಲ. ಹಂಗೂ ಆಗ್ಲಿಲ್ಲಂದ್ರ ಗ್ರಾಹಕರ ಆಯೋಗ ಐತಿ."

ಇಷ್ಟು ಸರಳವೇ? ಹೋರಾಟಕ್ಕೆಂದು ಇಸ್ತ್ರಿ ಮಾಡಿಸಿಟ್ಟಿದ್ದ ಕೋಟನ್ನು ನೆನೆದು ನನಗೆ ತುಸು ನಿರಾಸೆಯೇ ಆಯಿತು.

ಕಂಪನಿ ಒಪ್ಪಲಿಲ್ಲ. ಲೋಕಪಾಲರಿಗೆ ಬರೆದೆ. ವಿಚಾರಣೆ ವಿಡಿಯೋ ಕರೆಯಲ್ಲಿ ಎಂದು ತಿಳಿಸಿದರು. ಕೋಟಿಗೆ ಕೆಲಸ ಸಿಕ್ಕಿತು! ಅಂಗಡಿಯ ಗಾದಿಯ ಮುಂದೆ ಲ್ಯಾಪ್‌ಟಾಪ್ ಇಟ್ಟು, ಬೆನ್ನ ಹಿಂದೆ ಒಳ್ಳೆಯ ಇಳಕಲ್ ಸೀರೆಗಳನ್ನು ಜೋಡಿಸಿ, ಗಂಭೀರವಾಗಿ ಕುಳಿತೆ. ಶರಣಮ್ಮ ಆಸ್ಪತ್ರೆಯ ವರದಿಗಳನ್ನು ಹಿಡಿದು ಪಕ್ಕದಲ್ಲಿದ್ದಳು. ಸಾಕ್ಷಿ ಹೇಳಲು ಅಮರಪ್ಪನವರು ಬಂದರು. ಈ ಸಲವೂ ಬಸ್ಸಿನಲ್ಲಿ ನಿಂತೇ ಬಂದಿದ್ದರು. ನಾನು ತಟ್ಟನೆ ಎದ್ದೆ.

"ಬರ್ರಿ, ಇಲ್ಲೇ ಗಾದಿ ಮ್ಯಾಲ ಕುಂದರ್ರಿ!"

ಅವರನ್ನು ಕೂರಿಸಿ ನೀರು ತರಲು ಒಳಗೆ ಹೋದೆ. ಅಷ್ಟರಲ್ಲಿ ಕರೆ ಬಂದೇಬಿಟ್ಟಿತು.

"ದೂರು ಕೊಟ್ಟವರು ನೀವೇನಾ?" ಎಂದು ಅಧಿಕಾರಿ ಕೇಳಿದರು.

"ಅಲ್ರಿ. ಅವ್ರು ನೀರು ತರಾಕ ಹೋಗ್ಯಾರ," ಎಂದರು ಅಮರಪ್ಪನವರು.

"ಅವತ್ತು ಚಹಾ, ಇವತ್ತು ನೀರು!" ಎಂದಿತು ಕಂಪನಿಯ ಕಡೆಯ ದನಿ.

ನಾನು ತಂಬಿಗೆ ಹಿಡಿದು ಓಡಿ ಬಂದೆ. ಏಳಲು ಹೊರಟ ಅಮರಪ್ಪನವರನ್ನು ಭುಜ ಒತ್ತಿ ಕೂರಿಸಿ, ಪಕ್ಕದಲ್ಲಿ ನಿಂತು, ಬಗ್ಗಿ ಕ್ಯಾಮೆರಾಕ್ಕೆ ಕೈಮುಗಿದೆ. ತಯಾರು ಮಾಡಿಕೊಂಡಿದ್ದ ಭಾಷಣ ಪೂರ್ತಿ ಮರೆತುಹೋಗಿತ್ತು. ವರದಿಗಳನ್ನು ಒಂದೊಂದಾಗಿ ತೋರಿಸಿ ನಡೆದದ್ದನ್ನು ಹೇಳಿದವಳು ಶರಣಮ್ಮ.

"ಸಾಹೇಬ್ರ, ಇವ್ರಿಗೆ ಮೋಸ ಮಾಡಾಕ ಬರೂದಿಲ್ಲ. ಯಾರು ಬಂದ್ರೂ ಜಾಗ ಬಿಟ್ಟು ಕೊಡ್ತಾರ, ಅಷ್ಟ. ಈಗ ನೀವ ನೋಡಾಕತ್ತೀರಲ್ಲ!"

ಅಧಿಕಾರಿ ನಕ್ಕುಬಿಟ್ಟರು. ಆದೇಶ ನಮ್ಮ ಪರವಾಗಿ ಬಂತು. ಪಾಲಿಸಿ ಉಳಿಯಿತು. ನನಗೆ ಸಂತೋಷಕ್ಕೆ ಕಣ್ಣು ತುಂಬಿ ಬಂತು. ಮರುದಿನವೇ ಅಂಗಡಿಯ ಮುಂದೆ 'ಇಲ್ಲಿ ವಿಮಾ ಸಲಹೆ ಉಚಿತ' ಎಂದು ಬೋರ್ಡು ಹಾಕಿಸಿದೆ.

ಶರಣಮ್ಮನ ಆಪರೇಷನ್ ಅದೇ ಆಸ್ಪತ್ರೆಯಲ್ಲಿ ಚೆನ್ನಾಗಿ ಆಯಿತು. ಅಣ್ಣನಿಗೆ ಅವಳು ಮೊದಲೇ ಫೋನು ಮಾಡಿ, "ದವಾಖಾನಿಗೆ ಬರಬ್ಯಾಡೋ ಯಪ್ಪಾ, ಮನಿಗೇ ಬಾ" ಎಂದಿದ್ದಳು. ನನಗೆ ಮಂಚದ ಕಾವಲು. ಅವಳನ್ನು ಗಾಲಿಕುರ್ಚಿಯಲ್ಲಿ ಎಕ್ಸ್‌ರೇಗೆ ಕರೆದೊಯ್ದರು. ಮಂಚವನ್ನು ಖಾಲಿ ಬಿಡುವುದು ಕಾನೂನಿನ ದೃಷ್ಟಿಯಿಂದ ಅಪಾಯಕರ ಎಂದು ತರ್ಕಿಸಿ ಅಂಚಿನಲ್ಲಿ ಕುಳಿತೆ. ಆಮೇಲೆ ತುಸು ಒರಗಿದೆ. ದಿಂಬು ಮೆತ್ತಗಿತ್ತು.

ಯಾರೋ ಭುಜ ತಟ್ಟಿದರು. ಕಣ್ಣು ಬಿಟ್ಟರೆ ಫೋನು ಹಿಡಿದ ಅದೇ ತನಿಖೆಯವನು! ಮಂಚಕ್ಕೆ ತೂಗುಹಾಕಿದ್ದ ಚೀಟಿ ನೋಡಿದ. ನನ್ನ ಮೀಸೆ ನೋಡಿದ.

"ಶರಣಮ್ಮ ಅಂದ್ರ ನೀವೇನ್ರಿ?"

ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಪುಣ್ಯಕ್ಕೆ ಗಾಲಿಕುರ್ಚಿ ಬಾಗಿಲಿಗೆ ಬಂತು.

"ಫೋಟೋ ನಂದು ತಗೀರಿ ಸಾಹೇಬ್ರ," ಎಂದಳು ಶರಣಮ್ಮ. "ಪೇಶಂಟ್ ನಾನು. ಮಂಚದ ಮ್ಯಾಲ ಮಕ್ಕೊಂಡಿದ್ದು ನನ್ನ ರೋಗ!"

ನಾನು ಗಡಬಡಿಸಿ ಎದ್ದೆ. ಎದ್ದವನೇ ಹಾಸಿಗೆ ಝಾಡಿಸಿ, ಆ ತನಿಖೆಯವನಿಗೇ ಹೇಳಿದೆ:

"ಭಾಳ ದೂರದಿಂದ ಬಂದೀರಿ. ಬರ್ರಿ, ಜರಾ ಅಡ್ಡಾಗ್ರಿ."