ಅಂಟುಪುರ್ಲೆ ಮೆತ್ತಿದ ಪಂಚೆ

ಮಗಳು ಸುಮಾ ಮೆಚ್ಚಿದ ಹುಡುಗನ ಮನೆ ಹೊಸಹೊಳಲಿನಲ್ಲಿ. ಅಲ್ಲಿಗೆ ಹೋಗಿ ಮದುವೆ ಮಾತು ಮುಗಿಸಿ ಬರುವ ಘನಕಾರ್ಯ ನನ್ನ ಪಾಲಿಗೆ ಬಂದಿತ್ತು. "ಅಪ್ಪಾ, ನೀನು ಸುಮ್ನೆ ಕೂತಿದ್ರೆ ಸಾಕು," ಎಂದಿದ್ದಳು. ಅಷ್ಟು ಸುಲಭದ ಕೆಲಸವನ್ನು ಯಾರಾದರೂ ಕೆಡಿಸುವುದುಂಟೇ!

ಬಸ್ಸಿಳಿದಾಗಲೇ ತಡವಾಗಿತ್ತು. ಪಕ್ಕದ ಬೀಳು ದಾಟಿದರೆ ಐದೇ ನಿಮಿಷ ಎಂದೆ.

"ರೋಡಲ್ಲೇ ಓಗಣ ಕಣ್ರಿ. ಅಲ್ಲಿ ಅಂಟುಪುರ್ಲೆ ಉಲ್ಲು ಸೊಂಟದ ಮಟ್ಟ ಬೆಳ್ದದೆ," ಎಂದಳು ಹೆಂಡತಿ ಜಯಮ್ಮ.

"ಮಳೇಲಿ ಉಟ್ಟಿ ಬ್ಯಾಸ್ಗೇಲಿ ಸಾಯೋ ಉಲ್ಲಿಗೆ ನಾನು ಎದರ್ಕತೀನಾ?"

ಅವಳು ರಸ್ತೆ ಹಿಡಿದಳು. ನಾನು ಹುಲ್ಲಿಗಿಳಿದೆ.

ಹತ್ತು ಹೆಜ್ಜೆಗೆ ತೆನೆಗಳು ಹೊಸ ಪಂಚೆಗೆ ಮೆತ್ತಿಕೊಂಡವು. ಇಪ್ಪತ್ತಕ್ಕೆ ಪಂಚೆಯ ಎರಡೂ ಅಂಚು ಒಂದಾದವು. ಶಲ್ಯದಿಂದ ಒರೆಸಿದೆ. ಶಲ್ಯವೂ ಅಂಟಿತು! ಕಪ್ಪೆಯಂತೆ ಕುಪ್ಪಳಿಸುತ್ತಾ ಗೇಟು ತಲುಪಿದಾಗ ಜಯಮ್ಮ ಆಗಲೇ ಅಲ್ಲಿ ನಿಂತಿದ್ದಳು. ಒಂದು ಕಡ್ಡಿಯೂ ಅವಳಿಗೆ ಸೋಕಿರಲಿಲ್ಲ.

ಹುಡುಗನ ತಂದೆ ಪುಟ್ಟೇಗೌಡರು ಸೋಫಾ ತೋರಿಸಿದರು. ಕೂತೆ. ಚುಚ್ಚಿತು. ಎಡಕ್ಕೆ ವಾಲಿದೆ, ಅಲ್ಲೂ ಚುಚ್ಚಿತು. ಅವರು ಜಮೀನು, ಹಸು, ಮಗನ ಕೆಲಸ ಎಲ್ಲವನ್ನೂ ವಿವರಿಸುತ್ತಿದ್ದರೆ ನಾನು ಕಾದ ಹೆಂಚಿನ ಮೇಲೆ ಕೂತವನಂತೆ ಮಿಸುಕಾಡುತ್ತಿದ್ದೆ.

ಗೌಡರ ಮುಖ ಬಿಗಿಯಾಯಿತು. "ಯಾಕ್ ಸ್ವಾಮಿ, ಎದ್ದೋಗಕ್ಕೆ ಆತುರ ಪಡ್ತಾ ಇದೀರಾ? ನಮ್ಮ ಸಂಬಂಧ ಇಷ್ಟ ಇಲ್ದಿದ್ರೆ ಏಳ್ಬುಡಿ."

ಸುಮಾಳ ಮುಖ ಕಣ್ಣಮುಂದೆ ಬಂತು. "ಅಯ್ಯೋ, ಅಂಗಲ್ಲ!" ಎಂದು ಕೈಮುಗಿಯಲು ಎದ್ದು ನಿಂತೆ. ಸೋಫಾದ ಮೇಲಿದ್ದ ಕಸೂತಿ ಬಟ್ಟೆಯೂ ನನ್ನೊಂದಿಗೆ ಎದ್ದಿತು. ಅದರ ಮೇಲಿಟ್ಟಿದ್ದ ಚಕ್ಕುಲಿ ತಟ್ಟೆ ನೆಲಕ್ಕೆ ಹಾರಿತು!

ಎಲ್ಲರೂ ನನ್ನ ಹಿಂಭಾಗವನ್ನೇ ನೋಡಿದರು.

ಪಕ್ಕದಲ್ಲೇ ನಿಂತಿದ್ದ ಹುಡುಗ ಮಂಡಿಯೂರಿ ಒಂದೊಂದೇ ತೆನೆ ಕೀಳತೊಡಗಿದ. "ಮಾವ, ಇದು ಎಳ್ದಷ್ಟೂ ಇಡ್ಕತದೆ. ಅಲ್ಲಾಡ್ಬೇಡಿ." ನಗಬಾರದೆಂದು ತುಟಿ ಕಚ್ಚಿಕೊಂಡಿದ್ದ. ಮಾವ! ನನಗೆ ಕಣ್ಣು ತುಂಬಿತು. ಚುಚ್ಚಿದ್ದಕ್ಕೋ ಸಂತೋಷಕ್ಕೋ ತಿಳಿಯಲಿಲ್ಲ.

"ಇದು ಕಿತ್ತು ಮುಗಿಯೋದಲ್ಲ ಬುಡ್ಲಾ," ಎಂದು ಗೌಡರು ತಮ್ಮ ಹಳೇ ಲುಂಗಿ ಕೊಟ್ಟು ನನ್ನನ್ನು ಒಳಕೋಣೆಗೆ ಕಳಿಸಿದರು. ಗಿಡ್ಡ ಲುಂಗಿ. ಮೊಣಕಾಲೂ ಮುಚ್ಚಲಿಲ್ಲ. ಹೊರಬರಲು ನಾಚಿಕೆಯಾಗಿ ಬಾಗಿಲ ಹಿಂದೆಯೇ ನಿಂತೆ.

ಹೊರಗೆ ಜಯಮ್ಮ ಛತ್ರ, ಊಟ, ದಿನ ಎಲ್ಲವನ್ನೂ ಸಲೀಸಾಗಿ ಗೊತ್ತುಮಾಡಿದಳು. ಹುಡುಗಿಯ ತಂದೆಯಾದ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೊನೆಗೆ ಗೌಡರ ದನಿ ಬಾಗಿಲ ಬಳಿ ಬಂತು. ಎದೆಯುಬ್ಬಿಸಿ ಗಂಟಲು ಸರಿಮಾಡಿಕೊಂಡೆ.

"ಬೀಗ್ರೇ, ಕಾಫಿಗೆ ಸಕ್ಕರೆ ಆಕಣಾ?"